ಮೂಗಿಗಿಂತ ಮೂಗುತಿ ಹೆವಿ

ಐದನೇ ಕ್ಲಾಸಿನಲ್ಲಿ ಎಬಿಸಿಡಿ ಶುರು ಮಾಡಿದ ನಮಗೂ ಇಂಗ್ಲಿಷಿಗೂ ಎಂಟನೇ ಕ್ಲಾಸಿನ ಹೊತ್ತಿಗೆ ಒಂದು ರಾಜಿ ಆಗಿತ್ತು. ಅದರ ತಂಟೆಗೆ ನಾವಿಲ್ಲ, ನಮ್ಮ ತಂಟೆಗೆ ಅದಿಲ್ಲ. ಡಿಗ್ರೀಸ್ ಆಫ್ ಕಂಪ್ಯಾರಿಸನ್ ಬಂದು ಆ ರಾಜಿ ಮುರಿಯಿತು.

‘ಗುಡ್, ಬೆಟರ್, ಬೆಸ್ಟ್’ ಅಂತ ಮಗ್ಗಿಯ ರಾಗದಲ್ಲಿ ಕೂಗುವುದೇನೋ ಸುಲಭ. ವಾಕ್ಯ ಮಾಡಿ ಅಂದಾಗಲೇ ಬೆವರು. ಒಂದು ದಿನ ಮೇಷ್ಟ್ರು ‘ಮೂಗಿಗಿಂತ ಮೂಗುತಿ ಭಾರ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಲು ಹೇಳಿದರು. ನಾನು ಒಂದೊಂದೇ ಪದ ಜೋಡಿಸಿದೆ: ‘ನೋಸ್ ದ್ಯಾನ್ ನೋಸ್ ರಿಂಗ್ ಹೆವಿ.’ ಮೇಷ್ಟ್ರು ನೋಟ್ ಬುಕ್ ನೋಡಿ, “ಮೂಗುತಿಗಿಂತ ಮೂಗನ್ನೇ ಭಾರ ಮಾಡಿಬಿಟ್ಟೆಯಲ್ಲೋ!” ಅಂದರು.

ತಪ್ಪು ಎಲ್ಲಾಯಿತು ಅಂತ ತಿಳಿಯಲು ನನಗೆ ವರ್ಷಗಳೇ ಬೇಕಾದವು. ನಮ್ಮ ‘ಗಿಂತ’ ಹಿಂದಿನ ಪದದ ಬೆನ್ನಿಗೆ ಅಂಟಿಕೊಳ್ಳುತ್ತದೆ. ಅವರ ‘ದ್ಯಾನ್’ ಮುಂದೆ ಬರುವ ಪದದ ಕೈ ಹಿಡಿಯುತ್ತದೆ. ಇನ್ನೊಂದು ವಿಷಯ ನೋಡಿ. ಕನ್ನಡದ ಮೂಗುತಿ ಎಷ್ಟೇ ತೂಗಲಿ, ‘ಭಾರ’ ಅನ್ನುವ ಪದ ಮಾತ್ರ ಅಲುಗುವುದಿಲ್ಲ. ಹೋಲಿಕೆಯ ಕಷ್ಟವೆಲ್ಲ ಮೂಗಿಗೆ! ‘ಎಲ್ಲಕ್ಕಿಂತ ಭಾರ’ ಅಂದರೂ ಭಾರ ಭಾರವೇ. ಇಂಗ್ಲಿಷಿನಲ್ಲಿ ಹಾಗಲ್ಲ. ಹೆವಿಗೆ ಬಾಲ ಬಂದು ಹೆವಿಯರ್ ಆಗಬೇಕು, ಆ ಬಾಲ ಬದಲಾಗಿ ಹೆವಿಯೆಸ್ಟ್ ಆಗಬೇಕು.

ಹಾಗಾದರೆ ಬ್ಯೂಟಿಫುಲ್‌ಗೆ ಯಾಕೆ ಬಾಲ ಇಲ್ಲ? ಮೇಷ್ಟ್ರ ಉತ್ತರ ಇನ್ನೂ ನೆನಪಿದೆ. “ಆ ಪದ ಮೊದಲೇ ಹೇರಿದ ಗಾಡಿ ಕಣೋ. ಹಿಂದೆ ಇನ್ನೂ ಹೇರಿದರೆ ಎತ್ತು ಕೂತುಬಿಡುತ್ತೆ. ಅದಕ್ಕೇ ಮುಂದೆ ‘ಮೋರ್’ ಅಂತ ಇನ್ನೊಂದು ಜೋಡಿ ಎತ್ತು ಕಟ್ಟುತ್ತಾರೆ.” ಇದಕ್ಕಿಂತ ಒಳ್ಳೆ ವ್ಯಾಕರಣ ನನಗೆ ಮತ್ತೆ ಯಾರೂ ಹೇಳಿಕೊಡಲಿಲ್ಲ. ಸೀನಿಯರ್, ಜೂನಿಯರ್ ಮುಂದೆ ದ್ಯಾನ್ ಬದಲು ‘ಟು’ ಯಾಕೆ ಅಂದಾಗ ಮಾತ್ರ “ಅವು ಲ್ಯಾಟಿನ್ ಕಡೆಯವು” ಅಂತ ಮುಗಿಸಿಬಿಟ್ಟರು, ಬೀಗರ ಊರಿನ ಪದ್ಧತಿ ನಮಗ್ಯಾಕೆ ಅನ್ನುವ ಹಾಗೆ.

ಇಷ್ಟಾದರೂ ನನ್ನ ಬಾಯಿಂದ ‘ಮೋರ್ ಬೆಟರ್’ ಹೋಗಲಿಲ್ಲ. ತಪ್ಪು ‘ಇನ್ನೂ’ ಅನ್ನುವುದರದ್ದು. ‘ಇನ್ನೂ ವಾಸಿ’ ಅನ್ನುವುದು ನಮಗೆ ಸಹಜ ಅಲ್ವಾ? ‘ಇನ್ನೂ’ ಮೋರ್ ಆಯಿತು, ‘ವಾಸಿ’ ಬೆಟರ್ ಆಯಿತು. ಶೇಕ್ಸ್‌ಪಿಯರನ ಜೂಲಿಯಸ್ ಸೀಸರ್‌ನಲ್ಲಿ ಆಂಟನಿಯೇ ‘ಮೋಸ್ಟ್ ಅನ್‌ಕೈಂಡೆಸ್ಟ್’ ಅನ್ನುತ್ತಾನೆ. ಅವನ ಕೆಳಗೆ ಯಾರೂ ಕೆಂಪು ಗೆರೆ ಎಳೆದಿಲ್ಲ.

ವಾಸಿ ಅಂದಾಗ ಒಂದು ಮಜಾ ನೆನಪಾಯಿತು. ‘ಅದಕ್ಕಿಂತ ಇದು ವಾಸಿ’ ಅನ್ನುವ ವಾಸಿಯೇ ಜ್ವರವನ್ನೂ ವಾಸಿ ಮಾಡುತ್ತದೆ. ಬೆಟರ್ ಕೂಡ ಹಾಗೇ, ಎರಡೂ ಕಡೆ ಕೆಲಸ ಮಾಡುತ್ತದೆ. ನೆಂಟಸ್ತಿಕೆಯೇ ಇಲ್ಲದ ಎರಡು ಭಾಷೆಗಳು ಕಾಯಿಲೆಯ ಹಾಸಿಗೆ ಹತ್ತಿರ ಹೀಗೆ ಭೇಟಿಯಾಗಿದ್ದು ನೋಡಿ ನನಗೆ ಬಹಳ ಖುಷಿಯಾಗಿತ್ತು.

ಆ ಖುಷಿಯಲ್ಲೇ ಎಡವಟ್ಟು ಮಾಡಿಕೊಂಡೆ. ಕೆಲಸಕ್ಕೆ ಸೇರಿದ ಹೊಸತು. ಜ್ವರ ಬಂದು ಎರಡು ದಿನ ಮಲಗಿದ್ದೆ. ಮೈಕೈ ನೋವು ಇನ್ನೂ ಇತ್ತು. ಸಾಹೇಬರು ಫೋನ್ ಮಾಡಿ “ಫೀಲಿಂಗ್ ಬೆಟರ್?” ಅಂದರು. ಬರೀ ‘ಯೆಸ್’ ಅಂದಿದ್ದರೆ ಸಾಕಿತ್ತು. ಗತ್ತಿನಿಂದ “ಮೋರ್ ಬೆಟರ್, ಸರ್” ಅಂದೆ.

“ವೆರಿ ಗುಡ್. ಹಾಗಾದ್ರೆ ಮಧ್ಯಾಹ್ನದಿಂದಲೇ ಬನ್ನಿ.”