ಗುದ್ದಲಿ ಒಂದೇ, ಪೂಜೆ ಎರಡು

ಫೋರ್ಡ್ ಸುದ್ದಿ ನೀವೂ ಓದಿರುತ್ತೀರಿ. ಅಮೆರಿಕದ ಟೆನ್ನೆಸ್ಸಿಯಲ್ಲಿ ಸ್ಟಾಂಟನ್ ಅನ್ನೋ ಪುಟ್ಟ ಊರಿನ ಪಕ್ಕ 3,600 ಎಕರೆ ಹಿಡಿದು, 560 ಕೋಟಿ ಡಾಲರ್ ಸುರಿದು, ಎಲೆಕ್ಟ್ರಿಕ್ ಟ್ರಕ್ಕಿಗೆ ಒಂದು ನಗರವನ್ನೇ ಕಟ್ಟುತ್ತೇವೆ ಅಂತ 2021ರಲ್ಲಿ ಹೇಳಿದ್ದರಲ್ಲ, ಬ್ಲೂಓವಲ್ ಸಿಟಿ, ಅದೇ. 2025ರ ಡಿಸೆಂಬರ್‌ನಲ್ಲಿ ಅದರ ಹೆಸರು ಟೆನ್ನೆಸ್ಸಿ ಟ್ರಕ್ ಪ್ಲಾಂಟ್ ಅಂತಾಯಿತು. 2029ರಿಂದ ಅಲ್ಲಿ ಪೆಟ್ರೋಲ್ ಟ್ರಕ್ ಮಾಡುತ್ತಾರಂತೆ. ಎಲೆಕ್ಟ್ರಿಕ್ ಟ್ರಕ್ ಒಂದೂ ಹೊರಗೆ ಬಂದಿರಲಿಲ್ಲ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸೋರನ್ನು ನೋಡಿ ನಾವು ನಗುತ್ತೇವೆ. ಇವರು ಕುಲಾವಿ ಹೊಲಿಸಿ, ಊರಿಗೆಲ್ಲ ತೋರಿಸಿ, ರಾಜ್ಯ ಸರ್ಕಾರದಿಂದ ಸುಮಾರು 90 ಕೋಟಿ ಡಾಲರ್ ಉಡುಗೊರೆಯನ್ನೂ ಮಂಜೂರು ಮಾಡಿಸಿಕೊಂಡು, ಈಗ ಅದೇ ಕುಲಾವಿ ಬಿಚ್ಚಿ ಅಜ್ಜನಿಗೆ ಟೋಪಿ ಹೊಲಿಯುತ್ತಿದ್ದಾರೆ.

ಫೋರ್ಡ್ ಒಂದನ್ನೇ ಬೈದರೆ ಜನರಲ್ ಮೋಟಾರ್ಸ್‌ಗೆ ಬೇಜಾರಾಗುತ್ತದೆ. 2021ರ ನವೆಂಬರ್‌ನಲ್ಲಿ ಅಧ್ಯಕ್ಷ ಬೈಡನ್ ಡೆಟ್ರಾಯಿಟ್‌ಗೆ ಹೋಗಿ, ಆ ಕಂಪನಿಯ ಎಲೆಕ್ಟ್ರಿಕ್ ಟ್ರಕ್ ಹಮ್ಮರ್ ಓಡಿಸಿ, ಇಡೀ ವಾಹನ ಉದ್ಯಮವನ್ನೇ ಎಲೆಕ್ಟ್ರಿಕ್ ಮಾಡಿದವರು ನೀವು ಅಂತ ಕಂಪನಿಯ ಮುಖ್ಯಸ್ಥೆ ಮೇರಿ ಬಾರಾ ಅವರನ್ನು ಹೊಗಳಿದರು. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಆ ಕಂಪನಿ ಅಮೆರಿಕದಲ್ಲಿ ಮಾರಿದ ಎಲೆಕ್ಟ್ರಿಕ್ ಕಾರು ಎಷ್ಟು? 26. ಸಾವಿರ ಗೀವಿರ ಬಿಟ್ಟುಹೋಗಿಲ್ಲ, ಬರೀ 26. ಬ್ಯಾಟರಿಗೆ ಬೆಂಕಿ ಬೀಳುತ್ತೆ ಅಂತ ಬೋಲ್ಟ್ ಅನ್ನೋ ತಮ್ಮ ಎಲೆಕ್ಟ್ರಿಕ್ ಕಾರುಗಳನ್ನು ವಾಪಸ್ ಕರೆಸಿದ್ದರು, ಅದು ನಿಜ. ಆದರೂ ಉದ್ಯಮವನ್ನೇ ಬದಲಿಸಿದ ಕಾರುಗಳು ಒಂದು ಮದುವೆ ದಿಬ್ಬಣಕ್ಕೂ ಸಾಲದು.

ಆ ಹಮ್ಮರ್ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ನಿದ್ದೆ ಬರಲ್ಲ. ಅದರ ತೂಕ ನಾಲ್ಕು ಟನ್ ದಾಟುತ್ತದೆ. ಬ್ಯಾಟರಿಯೊಂದೇ ಸುಮಾರು 1,300 ಕೆಜಿ, ಅಂದರೆ ಒಂದು ಸಾಧಾರಣ ಕಾರಿನಷ್ಟು. ಪರಿಸರ ಉಳಿಸಲು ಒಂದು ಕಾರಿನ ಹೊಟ್ಟೆಯೊಳಗೆ ಇನ್ನೊಂದು ಕಾರಿನ ತೂಕ ತುಂಬಿ, ಅದರಲ್ಲಿ ಒಬ್ಬನೇ ಕೂತು ಹಾಲು ತರಲು ಹೋಗುವುದು. ಸರಿ ಬಿಡಿ. ಇದೇ ಕಂಪನಿ 2022ರಲ್ಲಿ ಮಿಷಿಗನ್‌ನ ಒರಾಯನ್ ಕಾರ್ಖಾನೆಗೆ ಎಲೆಕ್ಟ್ರಿಕ್ ಟ್ರಕ್ ಅಂದಿತ್ತು. 2025ರ ಜೂನ್‌ನಲ್ಲಿ ಅಲ್ಲಿಗೂ ಪೆಟ್ರೋಲ್ ಅಂತ ಹೇಳಿತು. ಎರಡು ಸಲವೂ ಚಪ್ಪಾಳೆ ಬಿತ್ತು!

ಸರ್ಕಾರದ ಕಥೆ ಇನ್ನೂ ಚೆಂದ. ಎಲೆಕ್ಟ್ರಿಕ್ ಕಾರು ಕೊಂಡರೆ 7,500 ಡಾಲರ್ ತನಕ ತೆರಿಗೆ ರಿಯಾಯಿತಿ, ಆದರೆ ಉತ್ತರ ಅಮೆರಿಕದಲ್ಲೇ ಜೋಡಿಸಿದ್ದಿರಬೇಕು ಅಂದಿತು ಒಂದು ಸರ್ಕಾರ. ಇನ್ನೊಂದು ಬಂದು 2025ರ ಸೆಪ್ಟೆಂಬರ್ 30ಕ್ಕೆ ಅದನ್ನು ನಿಲ್ಲಿಸಿತು. ಎತ್ತು ಏರಿಗೆ, ಕೋಣ ನೀರಿಗೆ. ಕಾರ್ಖಾನೆ ಎದ್ದು ನಿಲ್ಲಲು ನಾಲ್ಕು ವರ್ಷ ಬೇಕು, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಸೂರು ಹಾಕುವಷ್ಟರಲ್ಲಿ ಒಳಗೆ ಏನು ಮಾಡಬೇಕು ಅನ್ನೋದೇ ಬದಲಾಗಿರುತ್ತದೆ.

ಹ್ಯುಂಡೈ ಪಾಡು ಕೇಳಿ. 2025ರ ಮಾರ್ಚ್‌ನಲ್ಲಿ ಶ್ವೇತಭವನದಲ್ಲಿ ನಿಂತು 2,100 ಕೋಟಿ ಡಾಲರ್ ಹಾಕುತ್ತೇವೆ ಅಂದರು. ಟ್ರಂಪ್ ಖುಷಿಯಾದರು. ಸೆಪ್ಟೆಂಬರ್ 4ರಂದು ಜಾರ್ಜಿಯಾದ ಎಲಬೆಲ್‌ನಲ್ಲಿ ಅವರ ಬ್ಯಾಟರಿ ಕಾರ್ಖಾನೆ ಕಟ್ಟುತ್ತಿದ್ದ ಜಾಗಕ್ಕೆ ವಲಸೆ ಅಧಿಕಾರಿಗಳು ನುಗ್ಗಿ 475 ಜನರನ್ನು ಹಿಡಿದರು. ಅದರಲ್ಲಿ 300ಕ್ಕೂ ಜಾಸ್ತಿ ಕೊರಿಯಾದವರು. ವೀಸಾ ಸರಿ ಇರಲಿಲ್ಲವಂತೆ. ಇರಬಹುದು. ಊಟಕ್ಕೆ ಬನ್ನಿ ಅಂತ ಕರೆದು, ಅಡುಗೆ ಭಟ್ಟರನ್ನೇ ಸರಪಳಿ ಹಾಕಿ ಎಳೆದುಕೊಂಡು ಹೋಗಿ, ಆಮೇಲೆ ಎಲೆ ಮುಂದೆ ಕೂತು ಇನ್ನೂ ಯಾಕೆ ಬಡಿಸಿಲ್ಲ ಅಂತ ಕೇಳಿದ ಹಾಗೆ.

ಇಷ್ಟು ಹೊತ್ತು ನಗುತ್ತಾ ಬರೆದೆ. ಕೆಂಟಕಿಯ ಗ್ಲೆಂಡೇಲ್‌ಗೆ ಬಂದಾಗ ನಗು ಬರುತ್ತಿಲ್ಲ. ಅಲ್ಲಿನ ಫೋರ್ಡ್ ಪಾಲುದಾರಿಕೆಯ ಬ್ಯಾಟರಿ ಕಾರ್ಖಾನೆಯ ಕೆಲಸಗಾರರು 2025ರ ಆಗಸ್ಟ್‌ನಲ್ಲಿ ಯೂನಿಯನ್ ಬೇಕೋ ಬೇಡವೋ ಅಂತ ಓಟು ಹಾಕಿದ್ದರು. ಡಿಸೆಂಬರ್‌ನಲ್ಲಿ ಸುಮಾರು 1,600 ಜನರಿಗೆ ಕೆಲಸ ಹೋಯಿತು ಅಂತ ತಿಳಿಸಿದರು. ಕಂಪನಿ ತನ್ನ 1,950 ಕೋಟಿ ಡಾಲರ್ ನಷ್ಟವನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ಮುಗಿಸಬಹುದು. ಮನೆ ಸಾಲ ತೆಗೆದುಕೊಂಡವನು ಎಲ್ಲಿ ಬರೆಯಬೇಕು? ನಾಚಿಕೆ ಅನ್ನೋದು ಯಾರಿಗಾದರೂ ಒಂಚೂರು ಆಗಬೇಕಲ್ವಾ?

ಆದರೆ ಅದೇ ದಿನಗಳಲ್ಲಿ ಸಿಹಿಸುದ್ದಿಯೂ ಬಂತು. ಅದೇ ಕಟ್ಟಡದಲ್ಲಿ ಡೇಟಾ ಸೆಂಟರ್‌ಗಳಿಗೆ ಬ್ಯಾಟರಿ ಮಾಡುತ್ತಾರಂತೆ. 2,100 ಹೊಸ ಕೆಲಸವಂತೆ. ಕೆಲಸ ಕಳೆದುಕೊಂಡವರೂ ಅರ್ಜಿ ಹಾಕಬಹುದಂತೆ.