ಪೆಂಗ್ವಿನ್ ಗಂಡೋ ಹೆಣ್ಣೋ? ಬಾರ್ ಚಾರ್ಟ್ ಅಂತೂ ಹೇಳಲ್ಲ

ಕೆಲವು ಪ್ರಶ್ನೆಗಳಿಗೆ ಉತ್ತರ ಅಂಕಿಯಲ್ಲ, ಒಂದು ಗುಂಪಿನ ಹೆಸರು. ಗಂಡೋ ಹೆಣ್ಣೋ, ಪಾಸೋ ಫೇಲೋ, ಸಾಲ ತೀರಿಸುತ್ತಾರೋ ಇಲ್ಲವೋ. ಅದನ್ನು ಊಹಿಸಲು ಕೈಯಲ್ಲಿರುವುದು ಬರೀ ಅಳತೆಗಳು, ಅದೂ ನಾಲ್ಕೈದು. ಯಾವ ಗ್ರಾಫ್ ಹಾಕಬೇಕು? ಡೇಟಾ ಕೆಲಸ ಕಲಿಯುವ ಹುಡುಗರು ಇದನ್ನು ಕೇಳುತ್ತಲೇ ಇರುತ್ತಾರೆ. ಕೇಳುವ ಮುಂಚೆಯೇ ಒಂದು ಬಾರ್ ಚಾರ್ಟ್ ಹಾಕಿಕೊಂಡು ಬಂದಿರುತ್ತಾರೆ ಅನ್ನೋದು ಬೇರೆ ಮಾತು. ಗುಂಪಿಗೊಂದು ಕಂಬ, ಕಂಬದ ಎತ್ತರ ಅಂದರೆ ಸರಾಸರಿ, ಮುಗೀತು. ನನಗೆ ಆ ಚಿತ್ರ ಕಂಡರೆ ಆಗಲ್ಲ.

ಯಾಕೆ ಅಂತ ಹೇಳಲು ಪಾಮರ್ ಪೆಂಗ್ವಿನ್ ಡೇಟಾಕ್ಕಿಂತ ಒಳ್ಳೇ ಉದಾಹರಣೆ ಇಲ್ಲ. ಅಂಟಾರ್ಕ್ಟಿಕಾದ ಪಾಮರ್ ಸ್ಟೇಷನ್ ಹತ್ತಿರದ ದ್ವೀಪಗಳಲ್ಲಿ 2007ರಿಂದ 2009ರವರೆಗೆ ಸಂಶೋಧಕಿ ಕ್ರಿಸ್ಟನ್ ಗೋರ್ಮನ್ ಮತ್ತು ಜೊತೆಯವರು ಅಳೆದ ಹಕ್ಕಿಗಳು. ಅಡೇಲಿ, ಚಿನ್‌ಸ್ಟ್ರಾಪ್, ಜೆಂಟೂ ಅಂತ ಮೂರು ಜಾತಿ, ಒಟ್ಟು 344. ಹೊರಗಿಂದ ನೋಡಿದರೆ ಗಂಡು ಹೆಣ್ಣು ಗೊತ್ತಾಗುವುದು ಕಷ್ಟ. ರಕ್ತ ತೆಗೆದು ಡಿಎನ್‌ಎ ನೋಡಿಯೇ ತಿಳಿದುಕೊಂಡರು. ಹಾಗಾದರೆ ತಕ್ಕಡಿ, ಕೊಕ್ಕು ಅಳೆಯುವ ಕ್ಯಾಲಿಪರ್ ಇಟ್ಟುಕೊಂಡೇ ಹೇಳಬಹುದಾ? ಪ್ರಶ್ನೆ ಅಷ್ಟೇ.

ತೂಕದ ಬಾರ್ ಚಾರ್ಟ್ ಹಾಕಿ. ಗಂಡಿನ ಸರಾಸರಿ ಸುಮಾರು 4,550 ಗ್ರಾಂ, ಹೆಣ್ಣಿನದು ಸುಮಾರು 3,860. ಒಳ್ಳೇ ವ್ಯತ್ಯಾಸ ಇದೆ, ನಡುವೆ 4,200ರ ಹತ್ತಿರ ಗೆರೆ ಎಳೆದರೆ ಆಯ್ತಲ್ವಾ ಅನ್ನಿಸುತ್ತದೆ. ಎಳೆದು ನೋಡಿ. ಜೆಂಟೂ ಹೆಣ್ಣುಗಳ ಸರಾಸರಿಯೇ 4,680. ಅವುಗಳಲ್ಲಿ ಬಹುಪಾಲು ಗಂಡಿನ ಕಡೆಗೆ ಹೋಗಿ ಬಿದ್ದವು. ಅಡೇಲಿ ಗಂಡುಗಳ ಸರಾಸರಿ 4,040, ಚಿನ್‌ಸ್ಟ್ರಾಪ್ ಗಂಡುಗಳದು 3,940. ಅವುಗಳಲ್ಲಿ ಬಹುಪಾಲು ಹೆಣ್ಣಿನ ಕಡೆಗೆ. ಕೊಕ್ಕಿನ ದಪ್ಪ, ಅಂದರೆ ಮೇಲಿಂದ ಕೆಳಗಿನ ಅಳತೆ ತೆಗೆದುಕೊಂಡರೂ ಇದೇ ಕಥೆ, ಈ ಸಲ ತಲೆಕೆಳಗಾಗಿ: ಜೆಂಟೂ ಗಂಡಿಗೆ ಸರಾಸರಿ 15.7 ಮಿಲಿಮೀಟರ್, ಅಡೇಲಿ ಹೆಣ್ಣಿಗೇ 17.6.

ಈಗ ಕಂಬ ಎಲ್ಲ ಕಿತ್ತು ಹಾಕಿ. ಅಡ್ಡಕ್ಕೆ ತೂಕ, ಉದ್ದಕ್ಕೆ ಕೊಕ್ಕಿನ ದಪ್ಪ, ಒಂದು ಹಕ್ಕಿಗೆ ಒಂದು ಚುಕ್ಕಿ, ಗಂಡು ಹೆಣ್ಣಿಗೆ ಬೇರೆ ಬೇರೆ ಬಣ್ಣ. ಎರಡು ಮೋಡದ ಹಾಗೆ ಚುಕ್ಕಿಗಳು ಒಡೆದುಕೊಳ್ಳುತ್ತವೆ. ಬಲಗಡೆ ಕೆಳಗೆ ಜೆಂಟೂ, ಎಡಗಡೆ ಮೇಲೆ ಉಳಿದ ಎರಡು ಜಾತಿ. ಎರಡರಲ್ಲೂ ಹೆಣ್ಣು ಕೆಳಗಿನ ಎಡ ಮೂಲೆಗೆ, ಗಂಡು ಮೇಲಿನ ಬಲ ಮೂಲೆಗೆ. ಓರೆಯಾಗಿ ಒಂದೇ ಗೆರೆ ಎಳೆದರೆ ಎರಡೂ ಕಡೆ ಗಂಡು ಹೆಣ್ಣು ಹೆಚ್ಚುಕಮ್ಮಿ ಬೇರೆಯಾಗುತ್ತವೆ, ಜಾತಿ ಯಾವುದು ಅಂತ ಕೇಳುವ ಗೋಜೇ ಇಲ್ಲ! ಒಂದೊಂದೇ ಅಳತೆ ನೋಡುವ ಬಾಕ್ಸ್ ಪ್ಲಾಟ್, ಅಂದರೆ ನಡುವಿನ ಅರ್ಧದಷ್ಟು ಅಳತೆಗಳನ್ನು ಪೆಟ್ಟಿಗೆಯಾಗಿ ತೋರಿಸುವ ಗ್ರಾಫ್, ಬಾರ್‌ಗಿಂತ ವಾಸಿ, ಹರವು (ಅಳತೆಗಳು ಎಷ್ಟು ಚದುರಿವೆ ಅನ್ನೋದು) ಆದರೂ ಕಾಣುತ್ತದೆ. ಆದರೆ ಈ ಓರೆ ಗೆರೆ ಅದರಲ್ಲಿ ಯಾವತ್ತೂ ಸಿಗಲ್ಲ.

ಅದಕ್ಕೇ ನನ್ನ ಹಟ: ಅಳತೆಗಳು ಅಕ್ಷದ ಮೇಲೆ, ಉತ್ತರ ಬಣ್ಣದಲ್ಲಿ. ಕೆಲವರು ಗಂಡು 1, ಹೆಣ್ಣು 0 ಅಂತ ಬರೆದು ಅದನ್ನೇ ಅಕ್ಷಕ್ಕೆ ಏರಿಸುತ್ತಾರೆ. ಮೇಲೊಂದು ಸಾಲು ಚುಕ್ಕಿ, ಕೆಳಗೊಂದು ಸಾಲು. ಒಂದೇ ಅಳತೆ ಇದ್ದು, ಮೇಲೆ ಲಾಜಿಸ್ಟಿಕ್ ರಿಗ್ರೆಷನ್ನಿನ (ಅಳತೆಯಿಂದ ಗುಂಪಿನ ಸಾಧ್ಯತೆ ಲೆಕ್ಕ ಹಾಕುವ ವಿಧಾನ) ಎಸ್ ಆಕಾರದ ಗೆರೆ ಎಳೆಯುವುದಾದರೆ ಸರಿ. ಇಲ್ಲದಿದ್ದರೆ ಸುಮ್ನೆ ಜಾಗ ದಂಡ.

ನಾಲ್ಕು ಅಳತೆ ಇದ್ದರೆ ಜೋಡಿ ಆರೇ ಆಗುತ್ತವೆ, ಎಲ್ಲವನ್ನೂ ಒಂದೇ ಪುಟದಲ್ಲಿ ಹಾಕಿ ನೋಡಬಹುದು. ಹತ್ತಾದರೆ ನಲವತ್ತೈದು ಜೋಡಿ, ಯಾರೂ ನೋಡಲ್ಲ. ಆಗ ಎಲ್ಲರೂ ಓಡುವುದು ಪಿಸಿಎ ಕಡೆಗೆ, ಅಂದರೆ ಹಲವು ಅಳತೆಗಳನ್ನು ಬೆರೆಸಿ ಎರಡು ಮೂರು ಹೊಸ ಅಕ್ಷಕ್ಕೆ ಇಳಿಸುವ ವಿಧಾನದ ಕಡೆಗೆ. ನನಗೆ ಅಲ್ಲೂ ತಕರಾರಿದೆ. ಪಿಸಿಎಗೆ ನಿಮ್ಮ ಗುಂಪುಗಳ ವಿಷಯವೇ ಗೊತ್ತಿಲ್ಲ, ಹರವು ಎಲ್ಲಿ ಜಾಸ್ತಿಯೋ ಅತ್ತ ತಿರುಗುತ್ತದೆ. ಪೆಂಗ್ವಿನ್‌ಗಳಲ್ಲಿ ಆ ಹರವು ಬಹುಪಾಲು ಜಾತಿಯದ್ದು, ಗಂಡು ಹೆಣ್ಣಿನದ್ದಲ್ಲ. ಗುಂಪನ್ನು ಲೆಕ್ಕಕ್ಕೆ ತಗೊಳ್ಳುವ ದಾರಿಯನ್ನು ಸಂಖ್ಯಾಶಾಸ್ತ್ರಜ್ಞ ಫಿಶರ್ 1936ರಲ್ಲೇ ಐರಿಸ್ ಹೂವಿನ ಅಳತೆ ಇಟ್ಟುಕೊಂಡು ತೋರಿಸಿದ್ದರು, ನಾಲ್ಕು ಅಳತೆ ಸೇರಿಸಿ ಗುಂಪುಗಳನ್ನು ಬೇರೆ ಮಾಡುವ ಒಂದು ಅಂಕಿ. ಅದನ್ನು ಬಳಸಿ. ಅಥವಾ ಮೊದಲು ಅಳತೆಗಳಿಂದ ಗುಂಪು ಊಹಿಸುವ ಮಾಡೆಲ್ ಕೂರಿಸಿ, ಅದರಲ್ಲಿ ಯಾವ ಎರಡು ಅಳತೆಗೆ ಜಾಸ್ತಿ ಮಹತ್ವ ಬಂತೋ ಅವನ್ನು ಅಕ್ಷಕ್ಕೆ ಹಾಕಿ, ಗಂಡೋ ಹೆಣ್ಣೋ ಅನ್ನುವ ಸಾಧ್ಯತೆ ಅರ್ಧಕ್ಕರ್ಧ ಆಗುವ ಗೆರೆಯನ್ನು ಚುಕ್ಕಿಗಳ ಮೇಲೆಯೇ ಎಳೆಯಿರಿ. ಗೆರೆಯ ತಪ್ಪು ಪಕ್ಕದಲ್ಲಿ ಬಿದ್ದ ಹಕ್ಕಿಗಳು ಕಣ್ಣಿಗೆ ಹೊಡೆಯುತ್ತವೆ.

ಹಾಂ, ಬಣ್ಣ ಅಂದೆ ಅಂತ ಕೆಂಪು ಹಸಿರು ಹಾಕಬೇಡಿ. ಅವೆರಡೂ ಒಂದೇ ಥರ ಕಾಣುವವರು ಸಾಕಷ್ಟು ಜನ ಇದ್ದಾರೆ. ನೀಲಿ, ಕಿತ್ತಳೆ ಹಾಕಿ, ಒಂದಕ್ಕೆ ಗುಂಡು ಒಂದಕ್ಕೆ ತ್ರಿಕೋನ ಕೊಡಿ, ಕಪ್ಪುಬಿಳುಪು ಪ್ರಿಂಟ್ ತೆಗೆದರೂ ತಿಳಿಯುತ್ತದೆ.