ಸೇವಂತಿಗೆಗೆ ಕತ್ತಲೆಯೂ ಬೇಕು

ದೀಪಾವಳಿ ಹೊತ್ತಿಗೆ ನರ್ಸರಿಯಿಂದ ಮೊಗ್ಗು ತುಂಬಿದ ಸೇವಂತಿಗೆ ಕುಂಡ ಮನೆಗೆ ಬರುತ್ತದೆ; ಸಂಕ್ರಾಂತಿ ಕಳೆಯುವುದರೊಳಗೆ ಕಸದ ಗಾಡಿ ಹತ್ತುತ್ತದೆ. ಹೂ ಮುಗಿದು ಎಲೆ ಕಂದಿದರೆ ಗಿಡ ಸತ್ತಿತೆಂದೇ ತೀರ್ಪು. ಇದು ಬಹುವಾರ್ಷಿಕ ಗಿಡ ಸ್ವಾಮಿ! ಕಡ್ಡಿ ಒಣಗಿದರೂ ಬುಡದಲ್ಲಿ ಜೀವ ಇರುತ್ತದೆ. ಮಣ್ಣಿನಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ, ಬಿಸಿಲಲ್ಲೇ ಇಟ್ಟು, ಮಣ್ಣು ಪೂರ್ತಿ ಒಣಗದಂತೆ ನೋಡಿಕೊಂಡರೆ ಸುತ್ತ ಮರಿಗಳು ಏಳುತ್ತವೆ.

ಮುಂಗಾರು ಹಿಡಿಯುವಾಗ ಬುಡ ಅಗೆದು, ಬೇರು ಸಮೇತ ಮರಿ ಬಿಡಿಸಿ ನೆಡಬೇಕು. ನಡುವಿನ ಹಳೇ ಬೊಡ್ಡೆಯ ಮೇಲೆ ಕನಿಕರ ಬೇಡ. ಅದನ್ನೇ ಉಳಿಸಿಕೊಂಡರೆ ವರ್ಷದಿಂದ ವರ್ಷಕ್ಕೆ ಹೂ ಸಣ್ಣದಾಗುತ್ತದೆ. ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಹಳೇ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು, 10 ಇಂಚಿನ ಕುಂಡ. ನೆಲದಲ್ಲಾದರೆ ಗಿಡದಿಂದ ಗಿಡಕ್ಕೆ ಒಂದಡಿ. ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬೀಳಬೇಕು. ಗಿಡ ಗೇಣುದ್ದ ಆದಾಗ ಕುಡಿ ಚಿವುಟಿ, ಮೂರು ವಾರ ಬಿಟ್ಟು ಪಕ್ಕದ ಕವಲುಗಳ ಕುಡಿಯನ್ನೂ ಚಿವುಟಿ. ಆಗಸ್ಟ್ ಕೊನೆಗೆ ಕೈ ಬಿಗಿಹಿಡಿಯಬೇಕು, ಇಲ್ಲವಾದರೆ ಬರಲಿರುವ ಮೊಗ್ಗನ್ನೇ ಚಿವುಟಿದಂತೆ. ನರ್ಸರಿಯಲ್ಲಿ ಕುಳ್ಳಗಿದ್ದ ಗಿಡ ಎರಡನೇ ವರ್ಷ ಉದ್ದವಾದರೆ ಗಾಬರಿ ಬೇಡ; ಮಾರುವ ಗಿಡಗಳಿಗೆ ಬೆಳವಣಿಗೆ ತಡೆಯುವ ಔಷಧಿ ಹೊಡೆದಿರುವುದು ಸಾಮಾನ್ಯ. ಒಂದು ಕೋಲು ಊರಿ ಕಟ್ಟಿದರಾಯಿತು.

ಗಿಡವನ್ನು ಹೆಚ್ಚಾಗಿ ಕೊಲ್ಲುವುದು ಅತಿಪ್ರೀತಿಯ ನೀರು. ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದರೆ ಬೇರು ಕೊಳೆಯುತ್ತಿದೆ ಎಂದರ್ಥ. ಬಾಯಾರಿದೆಯೆಂದು ಮತ್ತೊಂದು ಚೊಂಬು ಸುರಿದರೆ ಕಥೆ ಮುಗಿಯಿತು. ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಶಿಲೀಂಧ್ರದ ಕೆಲಸ. ನೀರು ಹಾಕುವಾಗ ಸಿಡಿಯುವ ಮಣ್ಣಿನ ಜೊತೆ ಮೇಲೇರುತ್ತದೆ. ಆ ಎಲೆ ಕಿತ್ತುಹಾಕಿ, ಬೆಳಿಗ್ಗೆ ಬುಡಕ್ಕೆ ಮಾತ್ರ ನೀರುಣಿಸಿ. ಕುಡಿಯಲ್ಲಿ ಕರಿ ಹೇನು ಮುತ್ತಿದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ನಾಲ್ಕು ಹನಿ ಸೋಪು ನೀರು ಬೆರೆಸಿ ಸಂಜೆ ಸಿಂಪಡಿಸಿ.

ಒಂದು ಎಸಳು ಕಿತ್ತು ನೋಡಿ. ಬುಡದಲ್ಲಿ ಸೀಳಿದ ನಾಲಿಗೆಯಂಥ ಶಲಾಕೆ, ಅಂದರೆ ಹೂವಿನ ಹೆಣ್ಣು ಭಾಗ, ಇರುತ್ತದೆ. ಎಸಳೆಂದುಕೊಂಡದ್ದು ಒಂದು ಇಡೀ ಹೆಣ್ಣು ಹೂವು! ನಡುವಿನ ಹಳದಿ ಗುಂಡಿಯಲ್ಲಿರುವುದೂ ಒತ್ತೊತ್ತಾದ ಪುಟ್ಟ ಹೂಗಳೇ. ದೇವರಿಗೆ ಒಂದೇ ಹೂ ಏರಿಸಿದೆವೆಂದು ಯಾರೂ ಸಂಕೋಚಪಡಬೇಕಿಲ್ಲ.

ಎಲ್ಲ ಸರಿಯಿದ್ದೂ ಮೊಗ್ಗೇ ಬರದಿದ್ದರೆ ತಲೆಯೆತ್ತಿ ಬೀದಿದೀಪ ನೋಡಿ. ಹಗಲು ಬಿಸಿಲು ಬೇಡುವ ಈ ಗಿಡ ಮೊಗ್ಗು ಕಟ್ಟಲು ಉದ್ದನೆಯ ಕತ್ತಲೆ ಬೇಡುತ್ತದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸೇವಂತಿಗೆ ಹೊಲದ ತುಂಬ ರಾತ್ರಿ ಬಲ್ಬು ಉರಿಸುವುದು ಇದಕ್ಕೇ: ಬೆಳಕಿರುವಷ್ಟು ದಿನ ಗಿಡ ಬರೀ ಬೆಳೆಯುತ್ತದೆ, ಹಬ್ಬದ ಲೆಕ್ಕ ಹಾಕಿ ದೀಪ ಆರಿಸಿದರೆ ಮೊಗ್ಗಿಡುತ್ತದೆ. ಮನೆಯಲ್ಲಿ ಕುಂಡ ಸರಿಸಲು ಜಾಗವಿಲ್ಲವೇ? ಸೆಪ್ಟೆಂಬರಿನಿಂದ ಸಂಜೆ ಆರಕ್ಕೆ ಗಿಡದ ಮೇಲೆ ದೊಡ್ಡ ರಟ್ಟಿನ ಡಬ್ಬಿ ಕವುಚಿ ಬೆಳಿಗ್ಗೆ ಏಳಕ್ಕೆ ತೆಗೆಯಿರಿ. ಮೊಗ್ಗಿನಲ್ಲಿ ಬಣ್ಣ ಇಣುಕುವವರೆಗೆ ಬಿಡದೆ ಮಾಡಬೇಕು, ಪಕ್ಕದ ಮನೆಯವರು ಏನಂದುಕೊಂಡರೂ ಸರಿ.